ಆನೆಚಡ್ಡಿ ನದಿಗಿಳಿದದ್ದು

ಫೆಬ್ರವರಿ ೬

ಅಕ್ಕ,

ಫೋನ್ ಮಾಡೋಣವೆಂದುಕೊಂಡೆ. ಆದರೆ ನಿನ್ನ ಅಂಗಡಿಯ ಹೊಲಿಗೆ ಮಷೀನುಗಳ ಗದ್ದಲದಲ್ಲಿ ಅರ್ಧ ಮಾತು ನಿನಗೆ ಕೇಳಿಸುವುದಿಲ್ಲ. ಕೇಳಿಸಿದ ಇನ್ನರ್ಧಕ್ಕೆ ನೀನು ಮೂಗು ಒರೆಸಿಕೊಳ್ಳಲು ಶುರು ಮಾಡುತ್ತೀಯ, ನಾನು ರೇಗುತ್ತೇನೆ. ಕಾಗದದಲ್ಲಾದರೆ ಇಬ್ಬರೂ ಸ್ವಲ್ಪ ಮರ್ಯಾದಸ್ಥರಾಗಿರುತ್ತೇವೆ.

ವಿಷಯ ಇಷ್ಟೇ. ನಿನ್ನ ಟಾರ್ಪಾಲಿನ್ ಅಂಗಡಿಯ ಅಟ್ಟದಲ್ಲಿ ನನ್ನದೊಂದು ಹಸಿರು ಚೀಲ ಇದೆ. ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನ ಕೋಣೆಯಿಂದ ನೀನು ಎತ್ತಿಕೊಂಡು ಹೋದದ್ದು. ನದಿಯಲ್ಲಿ ನಿಂತು ಮೀನು ಹಿಡಿಯುವಾಗ ತೊಡುವ ಸಾಮಾನೆಲ್ಲ ಅದರೊಳಗಿದೆ. ಎದೆಯ ತನಕ ಬರುವ, ನೀರು ತಡೆಯುವ ಆ ಉಡುಪನ್ನು ನೀನು ಆನೆಚಡ್ಡಿ ಅನ್ನುತ್ತಿದ್ದೆ. ಅದಕ್ಕೆ ವೇಡರ್ ಅಂತ ಹೆಸರು, ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಜೊತೆಗೆ ಅಡಿಯಲ್ಲಿ ಮೊಳೆಗಳಿರುವ ಬೂಟು, ಸೊಂಟದ ಬೆಲ್ಟು, ನೀರಿನಲ್ಲಿ ಊರಿಕೊಳ್ಳುವ ಕೋಲು. ಎಲ್ಲವನ್ನೂ ಬಸ್ಸಿಗೆ ಹಾಕಿ ಕಳಿಸಿಕೊಡು.

ಕಟ್ಟುವಾಗ ಆನೆಚಡ್ಡಿಯನ್ನು ಸೀರೆಯ ಹಾಗೆ ಮಡಿಸಬೇಡ. ಮಡಿಸಿದಲ್ಲಿ ಗೆರೆ ಬಿದ್ದು, ಗೆರೆಯಲ್ಲಿ ಬಿರುಕು ಬಿಟ್ಟು, ಕಡೆಗೆ ಅಲ್ಲಿಂದಲೇ ನೀರು ಒಳಗೆ ಬರುತ್ತದೆ. ಪಾದದ ಕಡೆಯಿಂದ ಹಾಸಿಗೆ ಸುತ್ತಿದ ಹಾಗೆ ಸಡಿಲವಾಗಿ ಸುತ್ತಿಕೊಂಡು ಬಾ. ಬೂಟು ಅದರ ಪಕ್ಕ ಸುಳಿಯಕೂಡದು, ಮೊಳೆ ತಾಗಿದರೆ ಕೆಟ್ಟಿತು. ಬೇರೆ ಬಟ್ಟೆಯ ಚೀಲದಲ್ಲಿ ಹಾಕು. ತೇವ ಇದ್ದರೆ ಮಾತ್ರ ದಯವಿಟ್ಟು ಕಟ್ಟಲೇಬೇಡ. ಬೂಷ್ಟು ಹಿಡಿದ ಆನೆಚಡ್ಡಿಯ ವಾಸನೆಗೆ ಬಸ್ಸಿನಿಂದ ಚೀಲವನ್ನಷ್ಟೇ ಅಲ್ಲ, ಕಂಡಕ್ಟರನ್ನೂ ಇಳಿಸಬೇಕಾಗುತ್ತದೆ.

ಯಾಕೆ ಬೇಕು ಅಂತ ಈಗಲೇ ಕೇಳಬೇಡ. ಭಾವನನ್ನು ಕೇಳಿದೆನೆಂದು ಹೇಳು.

ಮಿಡತೆ

*

ಫೆಬ್ರವರಿ ೧೪

ಮಿಡತೆ,

ಕಳಿಸುವುದಿಲ್ಲ.

ಕೇಳಬೇಡ ಅಂದೆ. ಕೇಳುವುದೇನಿದೆ, ನನಗೆ ಗೊತ್ತು. ಯಾರಿಗೋ ಕೊಟ್ಟು ಕೈತೊಳೆದುಕೊಳ್ಳುವುದಕ್ಕೆ. ಡಿಪೋದಲ್ಲಿ ಆ ಬಸ್ಸು ಹಿಂದಕ್ಕೆ ಉರುಳಿ ನಿನ್ನ ಎಡಗಾಲು ಮೊಣಕಾಲಿನ ಕೆಳಗೆ ಹೋದ ಮೇಲೆ ನೀನು ಒಂದೊಂದನ್ನಾಗಿ ಎಲ್ಲ ಬಿಟ್ಟುಕೊಡುತ್ತ ಬಂದೆ. ಸೈಕಲನ್ನು ಪಕ್ಕದ ಮನೆಯವರಿಗೆ ಕೊಟ್ಟೆ. ಗಾಳಿ ಬೆಳಕಿದ್ದ ಮಹಡಿಯ ಮನೆ ಬಿಟ್ಟು ನೆಲದ ಮನೆಗೆ ಇಳಿದೆ. ಬ್ರೇಕು ರಿಪೇರಿಯಲ್ಲಿ ನಿನ್ನನ್ನು ಮೀರಿಸುವವರಿಲ್ಲ ಅನ್ನುತ್ತಿದ್ದ ಕೆಲಸ ಬಿಟ್ಟು ಬಿಡಿಭಾಗಗಳ ಉಗ್ರಾಣದಲ್ಲಿ ಕುರ್ಚಿ ಹಾಕಿಕೊಂಡೆ. ಪ್ರತಿ ಸಲವೂ ಅದೇ ಮಾತು, "ಇನ್ನು ಇದು ಬೇಡ ಅಕ್ಕ." ಈ ಚೀಲದ ವಿಷಯದಲ್ಲಿ ಆ ಮಾತು ಕೇಳಲು ನನಗೆ ಇಷ್ಟವಿಲ್ಲ.

ನೀರೆಂದರೆ ನನಗೆ ಆಗುವುದಿಲ್ಲ, ಬಕೆಟ್ಟಿನಲ್ಲಿರುವ ನೀರಿನ ಮೇಲೆ ಮಾತ್ರ ನನ್ನ ಅಧಿಕಾರ. ಆದರೂ ಒಂದು ಸಲ ನೀನು ಬಿಡದೆ ಕರೆದುಕೊಂಡು ಹೋದೆ. ಬಂಡೆಯಿಂದ ಬಂಡೆಗೆ ನೆಗೆದು ನಡುನೀರಿಗೆ ಹೋಗಿ ನಿಂತು ಗಾಳದ ಕೋಲು ಬೀಸಿದೆ. ಆ ದಾರ ಹಿಂದಕ್ಕೆ ಹೋಗಿ, ಗಾಳಿಯಲ್ಲಿ ಒಂದು ಗಳಿಗೆ ತಡೆದು, ಮುಂದಕ್ಕೆ ಬಿಚ್ಚಿಕೊಂಡಿತು. ತುದಿಯಲ್ಲಿ ಗರಿ ಸುತ್ತಿ ಮಾಡಿದ ಹುಳ ನಿಜವಾದ ಹುಳದ ಹಾಗೇ ನೀರಿನ ಮೇಲೆ ಕೂತಿತು. ಇವಳು ನಮ್ಮನೆಯವಳಾ ಅನ್ನಿಸಿತು ನನಗೆ. ಮನೆಗೆ ಬಂದು ನಿನ್ನ ಭಾವನಿಗೆ ಅದನ್ನು ಕೈಯಾಡಿಸಿ ತೋರಿಸಲು ಹೋಗಿ ದೀಪದ ಗಾಜು ಒಡೆದೆ.

ಚೀಲ ಅಟ್ಟದಲ್ಲಿ ಭದ್ರವಾಗಿದೆ. ಬಿಚ್ಚಿ ನೋಡಿಲ್ಲ, ಅದರ ಅಗತ್ಯವೂ ಇಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ

*

ಫೆಬ್ರವರಿ ೨೧

ಅಕ್ಕ,

ನಿನ್ನ "ಕಳಿಸುವುದಿಲ್ಲ" ಓದಿ ಉರಿದುಹೋಯಿತು. ದೀಪದ ಗಾಜಿನ ತನಕ ಬರುವಷ್ಟರಲ್ಲಿ ಆರಿತು. ಆ ಗಾಜು ಗಾಳಿಗೆ ಬಿತ್ತು ಅಂತ ಭಾವ ನನ್ನ ಹತ್ತಿರ ಹೇಳಿದ್ದರು.

ಚೀಲ ಕೇಳಿದ್ದು ಕೊಡುವುದಕ್ಕಲ್ಲ, ತೊಡುವುದಕ್ಕೆ.

ಇಲ್ಲಿ ಒಂದು ಗಾಳದವರ ಸಂಘ ಇದೆ. ಹೋದ ವರ್ಷದಿಂದ ಸೇರಿದ್ದೇನೆ, ನಿನಗೆ ಹೇಳಿರಲಿಲ್ಲ. ರಜೆಯ ದಿನ ಡಿಪೋದ ಖಾಲಿ ಅಂಗಳದಲ್ಲಿ ನಿಂತು ಕೋಲು ಬೀಸುವುದನ್ನು ಮೊದಲಿನಿಂದ ಕಲಿತೆ. ಮೊದಲಿನಿಂದ ಅಂತ ಯಾಕಂದೆನೆಂದರೆ, ಬೀಸುವುದು ಕೈಯಿಂದ ಅಂತ ನಾನೂ ನಂಬಿದ್ದೆ; ಅದು ಅಂಗಾಲಿನಿಂದ ಏರಿ ಬರುತ್ತದೆ ಅಂತ ಒಂದು ಅಂಗಾಲು ಹೋದ ಮೇಲೆ ಗೊತ್ತಾಯಿತು. ಟೈರುಗಳ ರಾಶಿಗೆ, ವಾಚ್‌ಮನ್ನನ ಟೋಪಿಗೆ, ಒಂದು ಸಲ ನನ್ನದೇ ಕಿವಿಗೆ ಗಾಳ ಸಿಕ್ಕಿಸಿಕೊಂಡು, ಈಗ ಎಲ್ಲಿ ನೋಡುತ್ತೇನೋ ಅಲ್ಲೇ ಹುಳ ಇಳಿಯುತ್ತದೆ.

ಏಪ್ರಿಲ್‌ನಲ್ಲಿ ಬೆಟ್ಟದ ನದಿಯಲ್ಲಿ ಹಲವು ಊರಿನ ಸಂಘಗಳ ಕೂಟ ಇದೆ. ನಮ್ಮಿಂದ ಮೂವರು ಹೋಗುತ್ತಿದ್ದೇವೆ, ಅದರಲ್ಲಿ ನಾನೊಬ್ಬಳು. ತಂಡದ ಹಿರಿಯರನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಾರೆ. ಹಡಗು ನಡೆಸಿದವರೇನಲ್ಲ, ಔಷಧದ ಅಂಗಡಿ ಇಟ್ಟವರು.

ನೀನು ಎದೆಗೆ ಕೈಯಿಟ್ಟುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ನಾನು ದಡದಲ್ಲಿ ನಿಂತು ಬೀಸುತ್ತೇನೆ, ಅಷ್ಟೇ. ನೀರಿಗೆ ಕಾಲಿಡುವ ಮಾತೇ ಇಲ್ಲ. ದಡದಲ್ಲಿ ಹುಲ್ಲು ಒದ್ದೆಯಾಗಿರುತ್ತದೆ, ಅದಕ್ಕೆ ಉಡುಪು ಬೇಕು.

ನಿನ್ನಿಂದ ಒಂದು ಕೆಲಸ ಆಗಬೇಕು. ಕೃತಕ ಪಾದ ನಮ್ಮ ಪಾದದ ಹಾಗೆ ಬಾಗುವುದಿಲ್ಲ, ಬೂಟಿನೊಳಗೆ ಇಳಿಯುವುದಿಲ್ಲ. ಎಡಬೂಟಿನ ಹಿಂಭಾಗವನ್ನು ಉದ್ದಕ್ಕೆ ಸೀಳಿ ಒಂದು ಗಟ್ಟಿ ಜಿಪ್ ಹಾಕಿಕೊಡು. ಕಾಲು ಮಾಡುವವರು ನೀರಿನಲ್ಲಿ ಕೆಡದಂಥ ಬೇರೆ ಕಾಲೇ ಮಾಡಿಕೊಟ್ಟಿದ್ದಾರೆ, ಅದರ ಪಾದದ ಅಳತೆ ಇದರ ಜೊತೆಗಿದೆ.

ಮಿಡತೆ

*

ಮಾರ್ಚ್ ೫

ಮಿಡತೆ,

ಚೀಲ ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತದೆ. ನಿನ್ನ ಭಾವನೇ ಕೊಂಡೊಯ್ದು ಕಂಡಕ್ಟರ ಕೈಗೆ ಕೊಡುತ್ತಾರೆ.

ಈಗ ನಿಜ ಹೇಳುತ್ತೇನೆ. ನಿನ್ನ ಮೊದಲ ಕಾಗದ ಬಂದ ದಿನವೇ ಚೀಲ ಬಿಚ್ಚಿದ್ದೆ. ಒಳಗೆ ಇಲಿ ಸಂಸಾರ ಹೂಡಿ, ಮಕ್ಕಳನ್ನು ದೊಡ್ಡವರು ಮಾಡಿ, ಖಾಲಿ ಮಾಡಿಕೊಂಡು ಹೋಗಿತ್ತು. ಎಡಗಾಲಿನ ರಬ್ಬರಿನ ಪಾದ ಇರಲೇ ಇಲ್ಲ, ಬರೀ ಚೂರು. ಬಲಗಾಲಿಗೆ ಹಲ್ಲು ಕೂಡ ತಾಗಿರಲಿಲ್ಲ. ನಿನ್ನ ಭಾವ ಅದನ್ನು ಎತ್ತಿ ಹಿಡಿದು ನೋಡಿ, "ಇಲಿಗೂ ಬುದ್ಧಿ ಇದೆ ಕಣೇ, ಯಾವ ಕಾಲು ಬೇಡ ಅಂತ ಕೇಳ್ಕೊಂಡೇ ತಿಂದಿದೆ" ಅಂದರು. ಅವರ ಜೊತೆ ಆ ದಿನವೆಲ್ಲ ಮಾತಾಡಲಿಲ್ಲ. ಸಂಜೆ ಹೊಲಿಗೆಗೆ ಕೂತವಳಿಗೆ ಸುಮ್ಮಸುಮ್ಮನೆ ನಗು ಬಂತು. ನಿನಗೂ ಬರಲಿ ಅಂತ ಬರೆದೆ.

ನನ್ನ ಅಂಗಡಿಯಿಂದ ಹೊರಗೆ ಹೋದ ಯಾವ ಹೊಲಿಗೆಯಲ್ಲೂ ಇವತ್ತಿನ ತನಕ ಒಂದು ಹನಿ ಸೋರಿಲ್ಲ. ಲಾರಿಗಳ ಟಾರ್ಪಾಲಿನ್ ಹೊಲಿದೆ, ಡೇರೆ ಹೊಲಿದೆ, ದೋಣಿಯ ಮುಸುಕು ಹೊಲಿದೆ. ಇದಕ್ಕೆ ಸೋಲುತ್ತೇನೆಯೇ. ಹೊಸ ಪಾದವನ್ನು ನೀನು ಕಳಿಸಿದ ಅಳತೆಗೇ ಕತ್ತರಿಸಿದೆ. ಎರಡು ಸಾಲು ಹೊಲಿಗೆ ಹಾಕಿ, ಒಳಗೊಂದು ಹೊರಗೊಂದು ಪಟ್ಟಿ ಅಂಟಿಸಿ, ಅಂಟು ಒಣಗುವ ತನಕ ಯಾರನ್ನೂ ಹತ್ತಿರ ಸುಳಿಯಗೊಡಲಿಲ್ಲ. ಆಮೇಲೆ ಇಡೀ ಆನೆಚಡ್ಡಿಯನ್ನು ಅಂಗಡಿಯ ಮುಂದಿನ ಕಬ್ಬಿಣದ ತೊಲೆಗೆ ನೇತುಹಾಕಿ ಸೊಂಟದ ತನಕ ನೀರು ತುಂಬಿಸಿದೆ. ನೋಡಲು ರಸ್ತೆಯೇ ಸೇರಿತು. ಕನ್ನಡಕದ ಅಂಗಡಿಯವರು ಹೊರಗೆ ಬಂದು, "ಯಾರ್ರೀ ಇದು, ತಲೆ ಇಲ್ಲದೇ ನಿಂತಿರೋದು?" ಅಂದರು. "ನಮ್ಮ ತಂಗಿ. ತಲೆ ಊರಲ್ಲಿದೆ, ಏಪ್ರಿಲ್‌ನಲ್ಲಿ ಜೋಡಿಸ್ತೀವಿ" ಅಂದರು ನಿನ್ನ ಭಾವ. ಮಧ್ಯಾಹ್ನದ ತನಕ ಹಾಗೇ ಬಿಟ್ಟೆವು. ಕೆಳಗಿನ ನೆಲ ಒಣಗಿದ್ದು ಒಣಗಿದ್ದ ಹಾಗೇ ಇತ್ತು.

ಎಡಬೂಟಿಗೆ ಜಿಪ್ ಹಾಕಿದ್ದೇನೆ. ಜಿಪ್ಪಿನ ಮೇಲೆ ಒಂದು ಮುಚ್ಚಳಪಟ್ಟಿ ಇದೆ, ಮರಳು ಸೇರುವುದಿಲ್ಲ. ಬೆನ್ನ ಕಡೆ ಎರಡು ಭುಜಪಟ್ಟಿ ಸೇರುವಲ್ಲಿ ಒಂದು ದಪ್ಪ ಕುಣಿಕೆ ಹೊಲಿದಿದ್ದೇನೆ, ಒಣಗಲು ನೇತುಹಾಕಿಕೊಳ್ಳುವುದಕ್ಕೆ ಬರುತ್ತದೆ.

ಮೊದಲಿಗೆ ಮೊಳೆಗಳಿಗೆ ದಪ್ಪ ಕ್ಯಾನ್ವಾಸಿನ ಟೋಪಿ ಹೊಲಿದು ತೊಡಿಸಿದೆ, ಅದರ ಮೇಲೆ ಬಟ್ಟೆಯ ಚೀಲ. ಆನೆಚಡ್ಡಿಯನ್ನು ಒಂದು ರಟ್ಟಿನ ಕೊಳವೆಗೆ ಸುತ್ತಿದ್ದೇನೆ, ಎಲ್ಲೂ ಗೆರೆ ಬಿದ್ದಿಲ್ಲ. ನೀನು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿಯೇ ಕಟ್ಟಿದ್ದೇನೆ.

ಅಕ್ಕ

*

ಮಾರ್ಚ್ ೧೬

ಅಕ್ಕ,

ಇಲಿಯ ಮಾತು ಓದಿ ಉಗ್ರಾಣದಲ್ಲಿ ಒಬ್ಬಳೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಭಾವನ ಮೇಲೆ ಮುನಿಸು ಇದ್ದರೆ ಬಿಡು. ಎಲ್ಲರೂ ನನ್ನ ಕಾಲಿನ ಹತ್ತಿರ ಬಂದ ಕೂಡಲೇ ದನಿ ತಗ್ಗಿಸುತ್ತಾರೆ, ಅವರೊಬ್ಬರು ತಗ್ಗಿಸುವುದಿಲ್ಲ.

ಚೀಲ ಕ್ಷೇಮವಾಗಿ ಬಂತು. ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿದರು. "ಇದರ ಮೇಲೆ ಏನನ್ನೂ ಇಡಬಾರದು ಅಂತ ಕೊಟ್ಟೋರು ಪ್ರಮಾಣ ಮಾಡಿಸ್ಕೊಂಡ್ರು" ಅಂದರು. ಪಾದದ ಹೊಲಿಗೆಯ ಮೇಲೆ ಉಗುರಾಡಿಸಿ ನೋಡಿದೆ. ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಯಿತು ಅಂತ ಕಣ್ಣು ಮುಚ್ಚಿದರೆ ಗೊತ್ತಾಗುವುದಿಲ್ಲ. ಕ್ಯಾಪ್ಟನ್ ತಿರುಗಿಸಿ ತಿರುಗಿಸಿ ನೋಡಿ ಯಾವ ಕಂಪನಿಯದು ಅಂದರು. ನಮ್ಮಕ್ಕನ ಕಂಪನಿ ಅಂದೆ.

ಡಿಪೋದಲ್ಲಿ ಬಸ್ಸು ತೊಳೆಯುವ ಕಡೆ ತೊಟ್ಟು ನೋಡಿದೆ. ಕೃತಕ ಪಾದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿದರೆ ಉಡುಪಿನೊಳಗೆ ಜಾರಿಕೊಂಡು ಹೋಗುತ್ತದೆ, ಆಮೇಲೆ ಜಿಪ್ ಎಳೆದರೆ ಆಯಿತು. ಗೋಡೆಗೆ ಬೆನ್ನು ಕೊಡದೆ ನಿಂತೆ. "ಪೈಪ್ ಬಿಡ್ರಿ" ಅಂದೆ. ಬಸ್ಸಿನ ಕೆಸರು ಕೀಳುವ ಪೈಪು ಅದು. ಮೊದಲು ಯಾರೂ ಒಪ್ಪಲಿಲ್ಲ, ಆಮೇಲೆ ಒಬ್ಬ ಡ್ರೈವರ್ ಮೊಣಕಾಲಿಗೆ ಬಿಟ್ಟರು, ಆಮೇಲೆ ತೊಡೆಗೆ, ಸೊಂಟಕ್ಕೆ. ಅಲುಗಲಿಲ್ಲ. "ಈ ಗಾಡಿಗೆ ಸೋಪು ಹಾಕ್ಲಾ ಮೇಡಂ?" ಅಂದರು. ಒಳಗೆ ಒಂದು ಹನಿ ಇಲ್ಲ ಅಕ್ಕ. ಮೈ ಪೂರ್ತಿ ಬೆಚ್ಚಗೆ.

ನಿನ್ನ ಕುಣಿಕೆಯ ವಿಷಯ. ಆನೆಚಡ್ಡಿಯನ್ನು ಒಣಗಿಸುವುದು ತಲೆಕೆಳಗಾಗಿ, ಪಾದ ಮೇಲೆ. ಕುಣಿಕೆ ಇರುವುದು ಭುಜದ ಹತ್ತಿರ. ಅದೂ ಎರಡು ಲಾರಿ ಎಳೆಯುವಷ್ಟು ಗಟ್ಟಿಯಾಗಿದೆ. ಇರಲಿ ಬಿಡು, ಹೊಲಿದದ್ದನ್ನು ಯಾಕೆ ಬಿಚ್ಚಬೇಕು.

ಮಿಡತೆ

*

ಮಾರ್ಚ್ ೨೫

ಮಿಡತೆ,

ಕುಣಿಕೆ ಇರಲಿ ಅಂದೆಯಲ್ಲ, ಒಳ್ಳೆಯದು. ಬಿಚ್ಚಬೇಡ.

ದಡದಲ್ಲಿ ನಿಂತು ಬೀಸುವಾಗ ಸೊಂಟದ ಬೆಲ್ಟನ್ನು ಬಿಗಿಯಾಗಿ ಕಟ್ಟಿಕೋ. ಬಿದ್ದರೂ ಉಡುಪಿನೊಳಗೆ ನೀರು ನುಗ್ಗುವುದಿಲ್ಲವಂತೆ, ಯಾರೋ ಹೇಳಿದರು. ದಡದಲ್ಲಿ ಬೀಳುವುದು ಹೇಗೆ ಅಂತ ಕೇಳಬೇಡ, ಒದ್ದೆ ಹುಲ್ಲು ಜಾರುತ್ತದೆ. ನೀರಿನಲ್ಲಿ ಕೆಡದ ಕಾಲನ್ನೇ ಹಾಕಿಕೊಂಡು ಹೋಗು. ಹುಲ್ಲಿನಲ್ಲೂ ಅದೇ ಒಳ್ಳೆಯದು.

ಕೂಟ ಯಾವ ದಿನ, ನದಿಯ ಯಾವ ಕಡೆ, ಬಸ್ಸು ಎಲ್ಲಿ ನಿಲ್ಲುತ್ತದೆ ಅಂತೆಲ್ಲ ಬರೆದು ಕಳಿಸು. ನಿನ್ನ ಭಾವ ಸುಮ್ಮನೆ ಕೇಳುತ್ತಿದ್ದರು, ಅವರಿಗೆ ಭೂಪಟ ನೋಡುವ ಹುಚ್ಚು. ನನಗಂತೂ ಆ ವಾರ ತಲೆ ಎತ್ತಲು ಬಿಡುವಿಲ್ಲ, ಹೊಸ ಮಾರುಕಟ್ಟೆಯ ಚಪ್ಪರದ ಹೊದಿಕೆ ಒಪ್ಪಿಸಬೇಕು.

ನಿನ್ನ ಡ್ರೈವರಿಗೆ ಹೇಳು, ನಮ್ಮ ಹುಡುಗಿಗೆ ಸೋಪು ಬೇಡ ಅಂತ.

ಅಕ್ಕ

*

ಏಪ್ರಿಲ್ ೯

ಅಕ್ಕ,

ರೈಲು ಬದಲಿಸುವ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ಮುಂದಿನ ರೈಲಿಗೆ ಇನ್ನೂ ಹೊತ್ತಿದೆ. ಕ್ಯಾಪ್ಟನ್ ಮತ್ತು ನಮ್ಮ ತಂಡದ ಮೂರನೆಯವರು, ಚಿತ್ರ ಬರೆಯುವ ಮೇಷ್ಟರು, ಚಹಾ ಕುಡಿಯಲು ಹೋಗಿದ್ದಾರೆ.

ನಿನ್ನ ಹಾಗೇ ಕಟ್ಟಿದ್ದೇನೆ. ಕೊಳವೆಗೆ ಸುತ್ತಿದ ಆನೆಚಡ್ಡಿ ತಳದಲ್ಲಿ, ಅದರ ಮೇಲೆ ಒಣ ಬಟ್ಟೆ, ಪಕ್ಕದಲ್ಲಿ ಊರುಗೋಲು. ಬೂಟಿಗೆ ಮಾತ್ರ ಹೊಸ ಉಪಾಯ ಮಾಡಿದೆ. ನೀರಿನ ಕಾಲನ್ನು ಎಡಬೂಟಿನೊಳಗೇ ಕೂರಿಸಿ ಜಿಪ್ ಹಾಕಿಬಿಟ್ಟೆ, ಜಾಗ ಉಳಿಯಿತು, ಬೂಟಿನ ಆಕಾರವೂ ಉಳಿಯಿತು. ಜಾಣತನ ಅಂತ ಬೀಗಿದ್ದೆ. ಇಲ್ಲಿಯ ತಪಾಸಣೆಯಲ್ಲಿ ಅಧಿಕಾರಿ ಚೀಲದ ಜಿಪ್ ಎಳೆದರು, ಬಟ್ಟೆ ಸರಿಸಿದರು, ಬೂಟು ಹಿಡಿದು ಎತ್ತಿದರು. ಬೂಟಿನ ಜೊತೆ ಮೊಣಕಾಲಿನ ತನಕ ಕಾಲೂ ಎದ್ದು ಬಂತು.

"ಇದು... ಯಾರದು?" ಅಂದರು.

"ನಂದೇ ಸಾರ್."

"ನಿಮ್ಮ ಕಾಲು ನಿಮ್ಮ ಹತ್ತಿರಾನೇ ಇದೆಯಲ್ಲ."

"ಅದು ರೈಲಿಗೆ, ಇದು ನದಿಗೆ" ಅಂದೆ. ಪ್ಯಾಂಟು ಸ್ವಲ್ಪ ಎತ್ತಿ ತೋರಿಸಿದೆ. ಅವರು ಬೂಟನ್ನು ಎರಡೂ ಕೈಯಲ್ಲಿ ಮೆಲ್ಲಗೆ ಚೀಲದೊಳಗೆ ಮಲಗಿಸಿ, ಬಟ್ಟೆ ಹೊದಿಸಿ, ಚೀಲವನ್ನು ತಾವೇ ಬೆಂಚಿನ ತನಕ ತಂದಿಟ್ಟರು.

ಕ್ಯಾಪ್ಟನ್ ಒಳ್ಳೆಯವರು. ಆದರೆ ರೈಲಿನಲ್ಲಿ ಎರಡು ಸಲ ಹೇಳಿದರು, "ನೀವು ದಡದಲ್ಲಿ ಆರಾಮಾಗಿ ಕೂತು ಬೀಸಿ, ಬಲೆ ಹಿಡ್ಕೊಳ್ಳೋಕೂ ಒಬ್ಬರು ಬೇಕು." ಆರಾಮಾಗಿ ಅನ್ನುವ ಪದ ನನಗೆ ಹಲ್ಲಿನಲ್ಲಿ ಕಲ್ಲು ಸಿಕ್ಕ ಹಾಗಾಯಿತು. ನಿನಗೂ ನಾನು ದಡ ಅಂತಲೇ ಬರೆದಿದ್ದೇನಲ್ಲ, ಅವರನ್ನು ದೂರುವ ಹಾಗಿಲ್ಲ.

ಭಾವನ ಭೂಪಟಕ್ಕೆ ಬೇಕಾದ್ದನ್ನೆಲ್ಲ ಹಿಂದಿನ ಕಾಗದದಲ್ಲಿ ಬರೆದಿದ್ದೆ, ತಲುಪಿರಬೇಕು. ಹನ್ನೊಂದನೇ ತಾರೀಕು ಬೆಳಿಗ್ಗೆ ಶುರು.

ಮಿಡತೆ

*

ಏಪ್ರಿಲ್ ೧೩

ಅಕ್ಕ,

ಮೊದಲು ಕೂತುಕೋ. ಕೂತೆಯಾ. ನಾನು ನೀರಿಗಿಳಿದೆ.

ಬೈಯುವುದನ್ನು ಮುಂದಿನ ಕಾಗದಕ್ಕೆ ಇಟ್ಟುಕೊಂಡು ಪೂರ್ತಿ ಓದು. ಇಲ್ಲಿ ನದಿಯ ಮೇಲ್ವಿಚಾರಣೆಗೆ ಒಬ್ಬ ಅಧಿಕಾರಿಣಿ ಇದ್ದಾರೆ. ಗಟ್ಟಿ ಹೆಂಗಸು, ಮಾತು ಕಡಿಮೆ. ನೀರಿಗಿಳಿಯುವವರು ಯಾರೇ ಆಗಲಿ, ಅವರ ಎದುರಿನಲ್ಲಿ ಪೂರ್ತಿ ಉಡುಪು ತೊಟ್ಟು ಆಚೆ ದಡ ಮುಟ್ಟಿ ಬರಬೇಕು. ಬಂದರೆ ಮಾತ್ರ ನಡುನೀರಿನಲ್ಲಿ ನಿಲ್ಲಲು ಒಪ್ಪಿಗೆ. ಈ ಪರೀಕ್ಷೆಯ ವಿಷಯ ನನಗೆ ಫೆಬ್ರವರಿಯಿಂದಲೇ ಗೊತ್ತಿತ್ತು. ಅದಕ್ಕಾಗಿಯೇ ಚೀಲ ಕೇಳಿದ್ದು.

ಹೆಸರು ಕೂಗಿದಾಗ ನಾನು ಮುಂದೆ ಹೋದೆ. ಕ್ಯಾಪ್ಟನ್, "ಇವರು ದಡದವರು" ಅಂದರು. "ಅಲ್ಲ, ದಾಟೋರು" ಅಂದೆ. ಅಧಿಕಾರಿಣಿ ನನ್ನ ಮುಖ ನೋಡಿದರು, ಕಾಲು ನೋಡಿದರು. ಬೆಲ್ಟು ಎಳೆದು ನೋಡಿದರು. ಬೆನ್ನ ಹಿಂದೆ ಬಂದು ನಿನ್ನ ಕುಣಿಕೆಯನ್ನು ಎಷ್ಟು ಜೋರಾಗಿ ಜಗ್ಗಿದರೆಂದರೆ ನನ್ನ ಹಿಮ್ಮಡಿ ನೆಲ ಬಿಟ್ಟಿತು.

"ಇದನ್ನ ಹೊಲಿದೋರಿಗೆ ನದಿ ಚೆನ್ನಾಗಿ ಗೊತ್ತು" ಅಂದರು.

"ನದಿ ಗೊತ್ತಿಲ್ಲ ಮೇಡಂ, ನಾನು ಗೊತ್ತು" ಅಂದೆ. ಅವರು ನಕ್ಕದ್ದನ್ನು ಆ ಕೂಟದಲ್ಲಿ ನೋಡಿದವಳು ನಾನೊಬ್ಬಳೇ ಇರಬೇಕು.

ಇಳಿದೆ. ನೀರು ಹಿಮದಷ್ಟು ತಣ್ಣಗಿತ್ತು ಅನ್ನುವುದು ಬಲಗಾಲಿನ ವರದಿ, ಎಡಗಾಲಿಗೆ ಅಂಥ ತಕರಾರಿಲ್ಲ. ಊರುಗೋಲು ಮೊದಲು, ಆಮೇಲೆ ಬಲಗಾಲು, ಆಮೇಲೆ ಎಡಗಾಲು. ಎಡಪಾದಕ್ಕೆ ಕಲ್ಲು ಗೊತ್ತಾಗುವುದಿಲ್ಲ, ಮೊಣಕಾಲಿನ ಮೇಲೆ ಬರುವ ಒತ್ತಡದಿಂದ ಓದಿಕೊಳ್ಳಬೇಕು. ಸೊಂಟ ದಾಟಿ ಎದೆಯ ಹತ್ತಿರ ನೀರು ಬಂದಾಗ ಮೈ ಹಗುರಾಯಿತು. ಆಚೆ ದಡದ ಕಂಬ ಮುಟ್ಟಿದೆ. ವಾಪಸು ಬಂದೆ. ಬರುವಾಗ ನಡುವಿನಲ್ಲಿ ಸ್ವಲ್ಪ ಹೊತ್ತು ನಿಂತೆ. ಅಲ್ಲಿಂದ ನದಿಯ ತಿರುವು ಕಾಣಿಸುತ್ತದೆ, ನೋಟ ಬಹಳ ಚೆನ್ನಾಗಿತ್ತು.

ಕ್ಯಾಪ್ಟನ್ ಈಗ ದಡದ ಮಾತೆತ್ತುವುದಿಲ್ಲ. ಮಧ್ಯಾಹ್ನ ನಮ್ಮ ತಂಡದ ನಡುನೀರಿನ ಜಾಗಕ್ಕೆ ನನ್ನನ್ನೇ ನಿಲ್ಲಿಸಿದರು. ಬಂಡೆಯ ಹಿಂದೆ ನೀರು ಸುಮ್ಮನಾಗುವ ಕಡೆ ಹುಳ ಇಳಿಸಿದೆ. ಎರಡನೆಯ ದಿನ ನನ್ನ ಮೊಳಕೈ ಉದ್ದದ ಟ್ರೌಟ್ ಮೀನು ಎದ್ದು ಬಂತು, ಮೈಮೇಲೆ ಕೆಂಪು ಚುಕ್ಕಿ. ಕೈಯಲ್ಲಿ ಹಿಡಿದು ನೋಡಿ ಬಿಟ್ಟುಬಿಟ್ಟೆ. ಕೂಟದಲ್ಲಿ ನಮ್ಮ ತಂಡಕ್ಕೆ ಮೂರನೆಯ ಸ್ಥಾನ.

ಆನೆಚಡ್ಡಿಯನ್ನು ಡೇರೆಯ ಮುಂದೆ ತಲೆಕೆಳಗಾಗಿ ಒಣಹಾಕಿದ್ದೇನೆ. ಒಣಗಿದ ಮೇಲೇ ಕಟ್ಟುತ್ತೇನೆ, ಹೆದರಬೇಡ.

ಈಗ ಬೈಯಬಹುದು.

ಮಿಡತೆ

*

ಏಪ್ರಿಲ್ ೨೧

ಮಿಡತೆ,

ಬೈಯುವುದಿಲ್ಲ. ನೀರಿನಲ್ಲಿ ಕೆಡದ ಕಾಲು ಮಾಡಿಸಿಕೊಂಡವಳು ಹುಲ್ಲಿನ ಮೇಲೆ ನಿಲ್ಲುವುದಕ್ಕೆ ಹೋಗುವುದಿಲ್ಲ ಅಂತ ಫೆಬ್ರವರಿಯಲ್ಲೇ ತಿಳಿದಿತ್ತು. ಎದೆಯ ತನಕ ಒದ್ದೆಯಾಗುವ ಹುಲ್ಲು ಯಾವ ಊರಿನಲ್ಲಿದೆ. ಆ ಕುಣಿಕೆ ಒಣಗಿಸಲು ಹೊಲಿದದ್ದಲ್ಲ, ನೀನು ಬಿದ್ದರೆ ಹಿಡಿದೆಳೆಯುವುದಕ್ಕೆ ಅಂತ ನಿನಗೂ ತಿಳಿದಿತ್ತು. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದೆವು.

ಆದರೆ ಒಂದನ್ನು ನೀನು ಸರಿಯಾಗಿ ಬರೆದಿಲ್ಲ. ನಡುವಿನಲ್ಲಿ ನೋಟ ನೋಡುತ್ತ ನಿಂತೆ ಅಂದಿದ್ದೀಯ.

ನೀನು ನದಿ ದಾಟಿದ ಕಡೆಯಿಂದ ಸ್ವಲ್ಪ ಮೇಲಕ್ಕೆ ಒಂದು ಕಾಲುಸೇತುವೆ ಇದೆಯಲ್ಲ, ಅದರ ಮೇಲೆ ನಾನು ನಿಂತಿದ್ದೆ. ಚಪ್ಪರದ ಹೊದಿಕೆಯನ್ನು ನಿನ್ನ ಭಾವನಿಗೆ ಒಪ್ಪಿಸಿ ಹಿಂದಿನ ದಿನವೇ ಹೊರಟೆ. ಭೂಪಟದ ನೆಪದಲ್ಲಿ ದಾರಿ ಕೇಳಿದ್ದೂ ನಾನೇ, ಅವರಿಗೆ ಉತ್ತರ ದಕ್ಷಿಣ ತಿಳಿಯುವುದಿಲ್ಲ. ಸೇತುವೆಯ ಹಲಗೆಗಳ ಸಂದಿನಲ್ಲಿ ನೀರು ಕಾಣಿಸುತ್ತಿತ್ತು. ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಿದ್ದೆ.

ನೀನು ಹೋಗುವಾಗ ಚೆನ್ನಾಗಿ ಹೋದೆ. ನಿನ್ನ ಕೋಲು, ಕಾಲು, ಕಾಲು ನನಗೆ ಅಲ್ಲಿಂದಲೇ ತಾಳ ಹಿಡಿದ ಹಾಗೆ ಸಿಕ್ಕಿ, ನಾನೂ ಜೊತೆಗೆ ಉಸಿರು ಬಿಡುತ್ತಿದ್ದೆ. ಬರುವಾಗ ನಡುವೆ ನಿಂತೆ. ಎಡಗಾಲು ಎತ್ತಲು ನೋಡಿದೆ, ಮೈ ಮುಂದಕ್ಕೆ ಹೋಯಿತು, ಕಾಲು ಬರಲಿಲ್ಲ. ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ನೀರು ಒಂದು ಕಡೆಯಿಂದ ನಿನ್ನ ಎದೆಗೇರಿ ಭುಜದ ತನಕ ಚಿಮ್ಮುತ್ತಿತ್ತು. ನನ್ನ ಕಿವಿಗೆ ಯಾವ ಮಾತೂ ಕೇಳಿಸಲಿಲ್ಲ, ಕಂಡದ್ದನ್ನು ಹೇಳುತ್ತೇನೆ. ಆ ಅಧಿಕಾರಿಣಿ ಹಗ್ಗ ಎತ್ತಿದರು. ನೀನು ಅಂಗೈ ಎತ್ತಿ ತಡೆ ಅಂದೆ. ನಿನ್ನ ಬೆನ್ನ ಹಿಂದೆ ಆದದ್ದು ನಿನಗೆ ಗೊತ್ತಿರಲಾರದು. ನಿನ್ನ ಕ್ಯಾಪ್ಟನ್ ಸಾದಾ ಚಪ್ಪಲಿಯಲ್ಲೇ ಮೊಣಕಾಲಿನ ತನಕ ನೀರಿಗಿಳಿದಿದ್ದರು, ಅಧಿಕಾರಿಣಿ ಇನ್ನೊಂದು ಕೈಯಿಂದ ಅವರ ಅಂಗಿ ಹಿಡಿದು ನಿಲ್ಲಿಸಿದರು.

ನೀನು ಕೋಲನ್ನು ನೀರು ಬರುವ ಕಡೆಗೆ ಊರಿದೆ. ಅದರ ಮೇಲೆ ಪೂರ್ತಿ ಒರಗಿದೆ. ಸೊಂಟ ತಿರುಗಿಸಿ, ಮುಂದಕ್ಕೆ ಎಳೆಯದೆ, ಪಾದ ಹೋದ ದಾರಿಯಲ್ಲೇ ಹಿಂದಕ್ಕೆ ತೆಗೆಯಲು ನೋಡಿದೆ. ಬರಲಿಲ್ಲ. ಸ್ವಲ್ಪ ಸುಮ್ಮನಿದ್ದೆ. ಮತ್ತೆ ನೋಡಿದೆ. ಆಗಲೂ ಬರಲಿಲ್ಲ. ನನಗೆ ನಿನ್ನನ್ನು ಹೆಸರು ಹಿಡಿದು ಕೂಗಬೇಕು ಅನ್ನಿಸಿ ಬಾಯಿ ತೆರೆದೆ. ಕೂಗಿದರೆ ನೀನು ತಲೆ ಎತ್ತುತ್ತೀಯ, ತಲೆ ಎತ್ತಿದರೆ ಕೋಲಿನ ಮೇಲಿನ ಭಾರ ಸರಿಯುತ್ತದೆ. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಮೂರನೆಯ ಸಲ ಸೊಂಟವನ್ನು ಇನ್ನೊಂದು ಪಕ್ಕಕ್ಕೆ ತಿರುಗಿಸಿದೆ. ಕಾಲು ಬಂತು.

ಆಮೇಲೆ ನೀನು ಅವಸರ ಮಾಡಲಿಲ್ಲ, ಅದು ನನಗೆ ಎಲ್ಲಕ್ಕಿಂತ ಹೆಚ್ಚು. ಏನೂ ಆಗದವಳ ಹಾಗೆ ಕೋಲು ಊರಿ, ಬಲಗಾಲು ಇಟ್ಟು, ಎಡಗಾಲು ಇಟ್ಟು ದಡಕ್ಕೆ ಬಂದೆ. ನನ್ನ ಪಕ್ಕದಲ್ಲಿ ಸೈಕಲ್ ಹಿಡಿದು ನಿಂತಿದ್ದ ಒಬ್ಬರು, "ಯಾರಮ್ಮ ಅವರು?" ಅಂದರು. "ನನ್ನ ತಂಗಿ" ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವರು ಹೋದ ಮೇಲೂ ಇನ್ನಿಬ್ಬರಿಗೆ ಹೇಳಿದೆ.

ಕೆಳಗೆ ಬಂದು ನಿನ್ನನ್ನು ಕಾಣಬೇಕೆಂದು ಮೆಟ್ಟಿಲ ತನಕ ಹೋದೆ. ಎಲ್ಲರೂ ನಿನ್ನ ಸುತ್ತ ನಿಂತಿದ್ದರು, ನಿನ್ನ ಕ್ಯಾಪ್ಟನ್ ಒದ್ದೆ ಚಪ್ಪಲಿಯಲ್ಲಿ ನಿನ್ನ ಕೈ ಕುಲುಕುತ್ತಿದ್ದರು. ನಾನು ಬಂದಿದ್ದರೆ ನೀನು ಅಲ್ಲೇ ಬರೀ ನನ್ನ ತಂಗಿಯಾಗಿಬಿಡುತ್ತಿದ್ದೆ, ನನ್ನ ಕಣ್ಣೊರೆಸುವ ಕೆಲಸ ನಿನಗೆ ಬೀಳುತ್ತಿತ್ತು. ಆ ಹೊತ್ತು ನಿನ್ನದು. ನಿಂತು, ಕಣ್ತುಂಬ ನೋಡಿ, ತಿರುಗಿ ಬಸ್ ನಿಲ್ದಾಣಕ್ಕೆ ನಡೆದೆ.

ಇನ್ನು ಮೇಲೆ ಕಾಲು ಸಿಕ್ಕಿಕೊಂಡರೆ ಸಿಕ್ಕಿಕೊಂಡಿತು ಅಂತಲೇ ಬರೆ. ನನಗೆ ತಡೆದುಕೊಳ್ಳುವ ಶಕ್ತಿ ಇದೆ, ನಾನೂ ಈಗ ಕಂಡುಕೊಂಡೆ.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಹಿಂದಿನ ಸೀಟಿನವರೂ ಮುಂದಕ್ಕೆ ಬಾಗಿ ಕೇಳಿಸಿಕೊಂಡರು. ಆಕೆ ಇಳಿಯುವ ಮೊದಲು, "ಹಾಗಾದ್ರೆ ನೀವೂ ನದೀಲಿ ಮೀನು ಹಿಡೀತೀರಾ?" ಅಂತ ಕೇಳಿದರು.

"ಇಲ್ಲ, ನಾನು ಹೊಲೀತೀನಿ" ಅಂದೆ. ನನ್ನ ಕಸುಬಿನ ಹೆಸರನ್ನು ಅಷ್ಟು ಗತ್ತಿನಿಂದ ನಾನು ಯಾವತ್ತೂ ಹೇಳಿರಲಿಲ್ಲ.

ಅಕ್ಕ